ಅರ್ಧ ತೋಳಿನ ಸಫಾರಿ

ಕೀನ್ಯಾದ ಕಾಡು ನೋಡುವ ಯೋಜನೆಯನ್ನು ನನ್ನ ಗಂಡ ಆಫೀಸಿನ ಪ್ರಾಜೆಕ್ಟಿನಷ್ಟೇ ಗಂಭೀರವಾಗಿ ಹಾಕಿದ್ದರು. ಮ್ಯಾಂಚೆಸ್ಟರ್ ವಿಮಾನ ನಿಲ್ದಾಣದ ಪಕ್ಕದ ವಿದನ್‌ಶಾದಲ್ಲಿರುವ ನಮ್ಮ ಮನೆಯ ಮೇಲೆ ವಿಮಾನ ಹಾರಿದಾಗಲೆಲ್ಲ ತಲೆ ಎತ್ತಿ, ಅದರಲ್ಲಿ ನಾವೇ ಕೂತಿದ್ದೇವೆ ಎನ್ನುವಂತೆ ನಗುತ್ತಿದ್ದರು. ಊಟಕ್ಕೆ ಕೂತರೆ ಸಿಂಹಗಳ ದಿನಚರಿ. ನನ್ನ ದಿನಚರಿಯನ್ನು ನಾನು ಕೆಲಸ ಮಾಡುವ ಆಸ್ಪತ್ರೆಯ ಡ್ಯೂಟಿ ಪಟ್ಟಿ ನೋಡಿಕೊಳ್ಳುತ್ತಿತ್ತು. ಕಾಡಿಬೇಡಿ ಈಸ್ಟರ್ ಹೊತ್ತಿಗೆ ರಜೆ ಗಿಟ್ಟಿಸಿದೆ. ಆಗಲೇ ದಾವಣಗೆರೆಯಿಂದ ಅಪ್ಪನೂ ನಮ್ಮಲ್ಲಿಗೆ ಬರುವವರಿದ್ದರು, ಅವರನ್ನೂ ಕರೆದುಕೊಂಡು ಹೋಗುವುದೆಂದಾಯಿತು. ಆದರೆ ಆಫ್ರಿಕಾ ಅಂತ ಬಾಯಿ ಬಿಡಬಾರದು, ಅಪ್ಪನಿಗೆ ಸರ್‌ಪ್ರೈಸ್ ಆಗಬೇಕು ಎಂದು ಗಂಡನ ಅಪ್ಪಣೆ.

"ಅಪ್ಪಾ, ನೀವು ಬಂದಾಗ ಸಫಾರಿ," ಎಂದೆ ಫೋನಿನಲ್ಲಿ.

"ನನಗ್ಯಾಕವ್ವಾ ಈ ವಯಸ್ಸಿನಾಗೆ? ನೋಡಿದೋರು ನಗ್ತಾರೆ."

"ಯಾರೂ ನಗಲ್ಲ. ನಾಲ್ಕೂ ಜನಕ್ಕೆ ಸಫಾರಿ."

"ಹುಡುಗಿಗೂ?"

ನನ್ನ ಮಗಳಿಗೆ ಎಂಟು ವರ್ಷ. "ಅವಳದೇ ಮೊದಲು," ಎಂದೆ. ಅಪ್ಪ ಜೋರಾಗಿ ನಕ್ಕರು. ಮೊಮ್ಮಗಳ ಮೇಲಿನ ಪ್ರೀತಿಗೆ ನಕ್ಕರು ಎಂದುಕೊಂಡೆ.

ಕಾಡಿಗೆ ಹೋಗುವ ಪುಟ್ಟ ವಿಮಾನಕ್ಕೆ ಮನುಷ್ಯರ ತೂಕವನ್ನೂ ಮೊದಲೇ ತಿಳಿಸಬೇಕಂತೆ. "ನಿಮ್ಮ ತೂಕ ಕಳಿಸಿ ಅಪ್ಪಾ, ಸಫಾರಿಗೆ ಬೇಕು" ಎಂದು ಮೆಸೇಜ್ ಹಾಕಿದೆ. ಉತ್ತರ ಬಂತು: "ತೂಕ ನೋಡಿ ಯಾವ ಟೈಲರೂ ಹೊಲಿಯಲ್ಲ. ಎದೆ ನಲವತ್ತು, ಸೊಂಟ ಮೂವತ್ತೆಂಟು. ಅರ್ಧ ತೋಳು. ಜೇಬು ನಾಲ್ಕು ಇರಲಿ. ನೀಲಿ ಬಣ್ಣ ಸಿಕ್ಕರೆ ಚೆನ್ನ."

ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟೆ. ನಮ್ಮೂರಲ್ಲಿ ಒಂದು ಕಾಲಕ್ಕೆ ಸಫಾರಿ ಎಂದರೆ ಕಾಡೂ ಅಲ್ಲ, ಜೀಪೂ ಅಲ್ಲ. ಒಂದೇ ಬಟ್ಟೆಯಲ್ಲಿ ಹೊಲಿಸಿದ ಅರ್ಧ ತೋಳಿನ ಕೋಟು, ಪ್ಯಾಂಟು. ಅದನ್ನು ತೊಡುವವರು ಸಾಹೇಬರು. ಅಪ್ಪ ವಿದ್ಯುತ್ ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ತಮ್ಮ ಎಂಜಿನಿಯರ್ ಸಾಹೇಬರ ನೀಲಿ ಸಫಾರಿಯನ್ನು ಮನೆಯಲ್ಲಿ ಬಣ್ಣಿಸಿದ್ದೇ ಬಣ್ಣಿಸಿದ್ದು. ನೀವೂ ಒಂದು ಹೊಲಿಸ್ರಿ ಎಂದು ಅಮ್ಮ ಹೇಳಿದರೆ, "ಗುಮಾಸ್ತ ಸಫಾರಿ ಹಾಕಿದ್ರೆ ಸಾಹೇಬ್ರು ಏನು ಹಾಕಬೇಕು?" ಅನ್ನುತ್ತಿದ್ದರು. ಅಪ್ಪ ನಿವೃತ್ತರಾಗುವ ಹೊತ್ತಿಗೆ ಸಾಹೇಬರುಗಳೇ ಟೀ ಶರ್ಟಿಗೆ ಇಳಿದಿದ್ದರು. ಅಪ್ಪನ ಆಸೆ ಮಾತ್ರ ಇದ್ದಲ್ಲೇ ಇತ್ತು.

ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಯುಗಾದಿ ಕೂಟದ ಹೊತ್ತಿಗೆ ಮ್ಯಾಂಚೆಸ್ಟರಿನ ಕನ್ನಡಿಗರಿಗೆಲ್ಲ ಅಪ್ಪನ ಸೊಂಟದ ಅಳತೆ ಬಾಯಿಪಾಠವಾಗಿರುತ್ತಿತ್ತು. ಬರ್ಮಿಂಗ್‌ಹ್ಯಾಮಿನಲ್ಲಿ ಒಬ್ಬ ಗುಜರಾತಿ ಟೈಲರನ್ನು ಹುಡುಕಿ ಅಳತೆ ಕಳಿಸಿದೆ. ಬಣ್ಣದ ವಿಷಯ ಬಂದಾಗ ಮಾತ್ರ ನನ್ನ ಜಾಣತನ ಅಡ್ಡ ಬಂತು. ಆ ಕಾಡಿನಲ್ಲಿ ನೀಲಿ ಬಟ್ಟೆ ಕಂಡರೆ ಕಚ್ಚುವ ನೊಣಗಳು ಮುತ್ತುತ್ತವೆ ಎಂದು ಗಂಡನ ಪಾಠವಾಗಿತ್ತು. ಖಾಕಿ ಇರಲಿ ಎಂದೆ. ಒಂದೇ ಜೋಡಿ ಬಟ್ಟೆ, ಎರಡೂ ಸಫಾರಿಗೆ ಆಯಿತಲ್ಲ!

ಇಷ್ಟೆಲ್ಲ ಆದಮೇಲೆ ಲಸಿಕೆಯ ಮಾತು ಬಂತು. ಅಪ್ಪನ ವಯಸ್ಸಿಗೆ ಹಳದಿ ಜ್ವರದ ಲಸಿಕೆ ಅಪಾಯ, ಅದಿಲ್ಲದೆ ಆ ಕಡೆ ಹೋಗುವುದೂ ಬೇಡ ಎಂದರು ಪರಿಚಯದ ಡಾಕ್ಟರ್. ಅಪ್ಪನನ್ನು ಬಿಟ್ಟು ನಾವು ಹೋಗುವುದು ಹೇಗೆ? ಸಿಂಹಗಳನ್ನು ಮುಂದೆ ಯಾವಾಗಲಾದರೂ ನೋಡೋಣ ಎಂದುಕೊಂಡೆವು. ಈ ಸುದ್ದಿಯನ್ನು ಅಪ್ಪನಿಗೆ ಹೇಳುವ ಅಗತ್ಯವೇ ಇರಲಿಲ್ಲ. ಆದರೆ ನಾನು ಡ್ಯೂಟಿ ಮುಗಿಸಿ ಬಾಗಿಲು ತೆಗೆಯುವಾಗ ನನ್ನ ಪ್ರಾಮಾಣಿಕ ಗಂಡ ಆಗಲೇ ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದರು.

"ಮಾವ, ಬೇಜಾರು ಮಾಡ್ಕೋಬೇಡಿ. ಸಫಾರಿ ಕ್ಯಾನ್ಸಲ್. ನಿಮ್ಮ ವಯಸ್ಸಿಗೆ ಅದು ಆಗಲ್ಲವಂತೆ. ಡಾಕ್ಟರೇ ಹೇಳಿದ್ರು."

"ಇದಕ್ಕೂ ಡಾಕ್ಟರ್‌ನ ಕೇಳ್ತಾರೇನು ಅಲ್ಲಿ?" ಅಪ್ಪನ ದನಿ ಸಣ್ಣದಾಗಿತ್ತು. "ಇರ್ಲಿ ಬಿಡ್ರಿ. ನನಗ್ಯಾಕೆ ಅಂತ ಅವತ್ತೇ ಅಂದಿದ್ದೆ. ಇಲ್ಲಿ ಒಂದಿಬ್ಬರಿಗೆ ಹೇಳಿಬಿಟ್ಟೀನಿ, ಅಷ್ಟೇ."

ನನಗೆ ಅಳು ಬರುವುದೊಂದು ಬಾಕಿ. ಬ್ಯಾಗು ಬಿಸಾಡಿ ಗಂಡನ ಕೈಯಿಂದ ಫೋನ್ ಕಿತ್ತುಕೊಂಡೆ. "ಅಪ್ಪಾ, ಇವರು ಹೇಳಿದ್ದು ಬೇರೆ ಸಫಾರಿ. ಆಫ್ರಿಕಾಕ್ಕೆ ಹೋಗಿ ಸಿಂಹ ನೋಡೋದು. ಅದು ಇಲ್ಲ, ಅಷ್ಟೇ. ನಿಮ್ಮದು ಹೊಲಿಯೋಕೆ ಕೊಟ್ಟಾಗಿದೆ."

ಗಂಡ ಕಣ್ಣು ಕಣ್ಣು ಬಿಡುತ್ತಿದ್ದರು. ಆ ಕಡೆಯಿಂದ ಅಪ್ಪ ದೊಡ್ಡದಾಗಿ ಉಸಿರು ಬಿಟ್ಟದ್ದು ಕೇಳಿಸಿತು.

"ಸಿಂಹ ಕಟ್ಕೊಂಡು ನನಗೇನಾಗಬೇಕವ್ವಾ," ಎಂದರು. "ಬಣ್ಣ ನೀಲಿ ತಾನೆ?"

"ನೀಲಿನೇ ಅಪ್ಪಾ," ಎಂದೆ, ಇನ್ನೊಂದು ಕೈಯಿಂದ ನನ್ನ ಫೋನಿನಲ್ಲಿ ಟೈಲರ್ ನಂಬರ್ ಹುಡುಕುತ್ತಾ.