ಅರಗಿನ ಮುದ್ರೆ ಬಿದ್ದ ಬಾಗಿಲು

ದುಃಖದಲ್ಲಿ ಹೆಂಗಸಿಗೆ ಏನೋ ಭ್ರಮೆಯಾಗಿದೆ ಎಂದು ನೀವು ಅನ್ನಬಹುದು. ನನ್ನ ಅಕ್ಕನೂ ಹಾಗೇ ಅಂದಳು. ಆದರೆ ಆ ರಾತ್ರಿ ಚಿಲಕ ಮುಟ್ಟಿದ್ದು ನನ್ನ ಕೈ. ಅದು ಎಷ್ಟು ಬಿಸಿಯಾಗಿತ್ತು ಎಂಬುದು ನನಗೆ ಗೊತ್ತು.

ಎಲ್ಲ ಸರಿಯಾಗಿದ್ದ ಕೊನೆಯ ದಿನ ಒಂದು ಭಾನುವಾರ. ಸೂರತ್‌ನಲ್ಲಿ ಚಳಿ ಬಿದ್ದಿತ್ತು. ನಮ್ಮವರು ಮಾರ್ಕೆಟ್ಟಿನಿಂದ ಪೋಂಕ್ ತಂದಿದ್ದರು. ಎಳೆ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು ಉದುರಿಸಿದ ಹಸಿರು ಕಾಳು.

"ನೋಡಿಲ್ಲೆ, ನಮ್ಮ ಸೀತನಿ! ಇವ್ರು ಇದಕ್ಕ ಸೇವು, ಸಕ್ಕರಿ ಹಾಕ್ಕೊಂಡು ತಿಂತಾರ."

"ಹಂಗಾರ ನೀವೂ ಗುಜರಾತಿ ಆದ್ರಿ ಬಿಡ್ರಿ."

"ಆಗೇನಿ ಬಿಡು. ಹಿತ್ತಲ ಬಾಗಲದಿಂದ ಮನಿ ಹೊಗೂ ಗುಜರಾತಿ."

ನಕ್ಕರು. ಆ ಮಾತು ನನಗೇ ಚುಚ್ಚಿದ್ದು.

ಅವರಿಗೆ ವಿಮೆ ಕಚೇರಿಯಲ್ಲಿ ಕೆಲಸ. ಗದಗಿನಿಂದ ಸೂರತ್‌ಗೆ ವರ್ಗವಾದಾಗ ಮೊದಲು ಕಚೇರಿಯ ಗೆಸ್ಟ್ ಹೌಸಿನಲ್ಲಿದ್ದೆವು. ಮನೆ ಹುಡುಕಿ ಸಾಕಾಗಿತ್ತು. ಆಗ ಕಚೇರಿಗೆ ಬಂದುಹೋಗಿ ಪರಿಚಯವಾಗಿದ್ದ ಭರತ್‌ಭಾಯ್ ಎಂಬ ಹೆಡ್ ಕಾನ್‌ಸ್ಟೇಬಲ್ ಒಂದು ಮನೆ ತೋರಿಸಿದ. ಮಾದಕ ಪುಡಿ ಮಾರುತ್ತಿದ್ದವನೊಬ್ಬನ ಮನೆ ಅದು. ಅವನು ಜೈಲಿನಲ್ಲಿದ್ದ, ಮನೆ ಜಪ್ತಿಯಾಗಿತ್ತು. ಮುಂಬಾಗಿಲಿಗೆ ಬೀಗ, ಬೀಗಕ್ಕೆ ಸುತ್ತಿದ ಬಟ್ಟೆ, ಬಟ್ಟೆಯ ಮೇಲೆ ಕೆಂಪು ಅರಗಿನ ಸರ್ಕಾರಿ ಮುದ್ರೆ. ಹಿತ್ತಲ ಬಾಗಿಲಿನ ಕೀಲಿ ಮಾತ್ರ ಭರತ್‌ಭಾಯಿಯ ಜೇಬಿನಲ್ಲಿತ್ತು.

"ಸೀಲ್ ಇರೋದು ಮುಂದೆ ಬೆನ್, ನೀವಿರೋದು ಹಿಂದೆ" ಎಂದು ಹಿಂದಿಯಲ್ಲಿ ಹೇಳಿದ; ಬೆನ್ ಅಂದರೆ ಅವರಲ್ಲಿ ಸಹೋದರಿ. "ನಮ್ಮ ಸಾಹೇಬರಿಗೂ ಗೊತ್ತು, ಬಾಡಿಗೆಯಲ್ಲಿ ಅವರದೂ ಪಾಲಿದೆ. ಸೀಲ್ ಒಂದು ಮುಟ್ಟಬೇಡಿ. ಅದು ಒಡೆದರೆ ನನ್ನ ನೌಕರಿಯೂ ಹೋಯಿತು, ನಿಮ್ಮವರದೂ ಹೋಯಿತು."

"ಜಪ್ತಿ ಮನಿ ಬ್ಯಾಡ" ಎಂದರು ನಮ್ಮವರು.

"ಅರ್ಧ ಬಾಡಿಗಿಗೆ ಇಂಥಾ ಮನಿ ಎಲ್ಲಿ ಸಿಗತದ್ರಿ?" ಎಂದವಳು ನಾನು.

ಹಾಗೆ ಸೇರಿಕೊಂಡೆವು. ಮುಂದಿನ ಕೋಣೆಯಲ್ಲಿ ದೀಪ ಹಾಕುತ್ತಿರಲಿಲ್ಲ. ಪೊಲೀಸರು ಹುಡುಕುವಾಗ ಅಲ್ಲಿಯ ನೆಲದ ಕಲ್ಲುಗಳನ್ನು ಕಿತ್ತಿದ್ದರು, ಕತ್ತಲಲ್ಲಿ ಕಾಲಿಟ್ಟರೆ ಎಡವಬೇಕು. ಮುಂಬಾಗಿಲಿನ ಒಳಚಿಲಕಕ್ಕೆ ತುಕ್ಕು ಹಿಡಿದಿತ್ತು.

ಆ ಭಾನುವಾರ ರಾತ್ರಿ ಅವರು ಬೆವರುತ್ತ ಎದ್ದು ಕೂತರು.

"ಎದಿ ಹಿಡದಂಗ ಆಗೇದ..."

ಆಂಬುಲೆನ್ಸ್ ಬೇಗನೇ ಬಂತು. ನಿಂತದ್ದು ಮುಂದಿನ ರಸ್ತೆಯಲ್ಲಿ. ಹಿಂದಿನ ಓಣಿ ಇಕ್ಕಟ್ಟು, ಸ್ಟ್ರೆಚರ್ ತಿರುಗಲಿಲ್ಲ.

"ಮುಂದಿನ ಬಾಗಿಲು ತೆಗೆಯಿರಿ ಬೆನ್" ಎಂದ ಬಂದವರಲ್ಲೊಬ್ಬ. "ಕೀಲಿ ಇಲ್ಲವೇ? ಬೀಗ ನಾವೇ ಒಡೆಯುತ್ತೇವೆ."

"ಬೇಡ" ಎಂದೆ. "ಅದು ಪೊಲೀಸ್ ಸೀಲ್."

ನಮ್ಮವರು ಮಂಚದಿಂದ ನನ್ನನ್ನು ನೋಡಿದರು.

ಚಾದರದಲ್ಲಿ ಮಲಗಿಸಿ, ಅಡುಗೆಮನೆಯಿಂದ ಹಿತ್ತಲಿಗೆ ತಂದರು. ಬಟ್ಟೆ ಒಗೆಯುವ ಕಟ್ಟೆಯ ಹತ್ತಿರ ತಿರುಗಿಸಲಾಗದೆ ಕೆಳಗಿಳಿಸಿದರು. ಮತ್ತೆ ಎತ್ತುವಷ್ಟರಲ್ಲಿ ಜೀವ ಹೋಗಿತ್ತು.

ಬೆಳಗಾಗುವ ಮೊದಲೇ ಭರತ್‌ಭಾಯ್ ಓಡಿಬಂದ. "ಮರಣದ ದಾಖಲೆಗೆ ವಿಳಾಸ ಗೆಸ್ಟ್ ಹೌಸಿನದು ಬರೆಸಿ ಬೆನ್. ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ."

ತಲೆಯಾಡಿಸಿದೆ.

ಗದಗಿನಲ್ಲಿ ಕರ್ಮಗಳೆಲ್ಲ ಮುಗಿದ ಮೇಲೆ ಸಾಮಾನು ತರಲು ಅಕ್ಕನ ಜೊತೆ ಮತ್ತೆ ಹೋದೆ. ಒಂದು ರಾತ್ರಿ ಇರಬೇಕಾಗಿತ್ತು. ಪಾತ್ರೆಗಳನ್ನು ಚೀಲಕ್ಕೆ ತುಂಬಿ ಇಬ್ಬರೂ ಅಡುಗೆಮನೆಯಲ್ಲೇ ಮಲಗಿದೆವು. ಅಕ್ಕನಿಗೆ ನಿದ್ದೆ ಹತ್ತಿತು. ನನಗೆ ಹತ್ತಲಿಲ್ಲ.

ಮೊದಲು ಬಂದದ್ದು ವಾಸನೆ. ಅರಗು ಕಾಯಿಸುವ ವಾಸನೆ... ಯಾರೋ ಹತ್ತಿರದಲ್ಲೇ ಕೂತು ಕರಗಿಸುತ್ತಿದ್ದ ಹಾಗೆ.

ಆಮೇಲೆ ಮುಂಬಾಗಿಲಿನ ಹೊರಗೆ ಯಾರೋ ಉಸಿರು ಎಳೆದುಕೊಳ್ಳುವ ಸದ್ದು. ಕಷ್ಟಪಟ್ಟು, ತಡೆದು ತಡೆದು...

"ಏ, ಇಕಿನ..."

ಅವರು ನನ್ನನ್ನು ಎಂದೂ ಹೆಸರು ಹಿಡಿದು ಕರೆದವರಲ್ಲ. ಹೀಗೇ ಕರೆಯುತ್ತಿದ್ದರು.

"ಏ, ಇಕಿನ... ಹಿಂದಿಂದ ಬರಾಕ ಆಗವಲ್ದು. ಮುಂದಿನ ಬಾಗಲಾ ತಗಿ."

ಹೆದರಿಕೆಯಾಗಲಿಲ್ಲ ಎಂದರೆ ನೀವು ನಂಬಲಿಕ್ಕಿಲ್ಲ. ಎದ್ದು ಹೋದೆ. ಕಿತ್ತ ಕಲ್ಲಿಗೆ ಕಾಲು ತಾಗಿ ಹೆಬ್ಬೆರಳು ಒಡೆಯಿತು. ಬಾಗಿಲಿಗೆ ಕಿವಿ ಹಚ್ಚಿದೆ. ಆ ಕಡೆ ಉಸಿರು, ಈ ಕಡೆ ನಾನು. ಚಿಲಕಕ್ಕೆ ಕೈ ಹಾಕಿದೆ. ಒಲೆಯ ಮೇಲಿನ ಹಂಚು ಮುಟ್ಟಿದ ಹಾಗಾಯಿತು.

ನನ್ನ ಬಾಯಿಂದ ಬಂದ ಮಾತು ಏನು ಗೊತ್ತೇ?

"ಹೊರಗ ಸೀಲ್ ಅದರೀ..."

ಉಸಿರು ನಿಂತಿತು. ಆಮೇಲೆ ಮೆಲ್ಲಗೆ, ಬೈದ ಹಾಗೂ ಅಲ್ಲ, ಬೇಡಿದ ಹಾಗೂ ಅಲ್ಲ...

"ಈಗೂ?"

ಕೈ ತೆಗೆದುಬಿಟ್ಟೆ. ಓಡಿಬಂದು ಅಕ್ಕನ ಬೆನ್ನಿಗೆ ಆತು ಮುಸುಕು ಹಾಕಿಕೊಂಡೆ. ಮುಂದಿನ ಕೋಣೆಯಲ್ಲಿ ತುಕ್ಕು ಹಿಡಿದ ಚಿಲಕ ಸರಿಯತೊಡಗಿತು. ನಿಧಾನವಾಗಿ... ಕೊನೆಯವರೆಗೆ.

ಅಕ್ಕ ಮಗ್ಗುಲು ಬದಲಿಸಿ, "ಏನ ಸುಡಾಕ್ಹತ್ತೇದ, ಅರಗಿನ ವಾಸನಿ..." ಎಂದು ಗೊಣಗಿ ಮತ್ತೆ ಮಲಗಿದಳು.

ಬೆಳಿಗ್ಗೆ ನೋಡಿದರೆ ಚಿಲಕ ಪೂರ್ತಿ ತೆರೆದಿತ್ತು. ಓಣಿ ಸುತ್ತಿ ಮುಂದಕ್ಕೆ ಹೋಗಿ ನೋಡಿದೆ. ಬೀಗ ಇತ್ತು, ಬಟ್ಟೆ ಇತ್ತು, ಮುದ್ರೆಯ ಅಕ್ಷರಗಳೂ ಮಾಸಿರಲಿಲ್ಲ.

ಅಷ್ಟರಲ್ಲಿ ಭರತ್‌ಭಾಯ್ ಫಿನಾಯಿಲ್ ಬಾಟಲಿ, ಪೊರಕೆ ಹಿಡಿದು ಹಿತ್ತಲಿನಿಂದ ಬಂದ. ದೊಡ್ಡ ಅಧಿಕಾರಿಗಳು ಮನೆ ನೋಡಲು ಬರುವವರಿದ್ದರಂತೆ.

"ಬೇಗ ಹೊರಡಿ ಬೆನ್. ಯಾರಾದರೂ ಕೇಳಿದರೆ ನೀವು ಇಲ್ಲಿ ಇರಲೇ ಇಲ್ಲ."

ಮಾತಾಡುತ್ತಲೇ ಮುಂದಿನ ಕೋಣೆಗೆ ಹೋದವನು ನಿಂತುಬಿಟ್ಟ. "ಈ ಚಿಲಕ ಯಾರು ತೆಗೆದರು?"

ಎರಡೂ ಕೈ ಹಚ್ಚಿ ಚಿಲಕವನ್ನು ತಳ್ಳಿದ. ಅಲ್ಲಾಡಲಿಲ್ಲ. ಆಮೇಲೆ ತನ್ನ ಅಂಗೈಗಳನ್ನು ತಿರುಗಿಸಿ ನೋಡಿಕೊಂಡ. ನನ್ನ ಮುಖ ನೋಡದೆ ಹೊರಗೆ ಹೋಗಿ ನಿಂತ.

ಅಕ್ಕ ಈಗ ಎಲ್ಲವನ್ನೂ ಭ್ರಮೆ ಅನ್ನುತ್ತಾಳೆ. ಅರಗಿನ ವಾಸನೆಯ ಮಾತು ತೆಗೆದರೆ ಮಾತ್ರ ಎದ್ದು ಒಳಗೆ ಹೋಗುತ್ತಾಳೆ.

ಗದಗಿನ ಮನೆಯಲ್ಲಿ ನಾನು ರಾತ್ರಿ ಬಾಗಿಲು ಹಾಕುವುದಿಲ್ಲ. ಇಲ್ಲಿ ಯಾವ ಸೀಲೂ ಇಲ್ಲ. ಆದರೂ ಅವರು ಮತ್ತೆ ಕರೆದಿಲ್ಲ.

ಮರಣದ ದಾಖಲೆ ಪೆಟ್ಟಿಗೆಯಲ್ಲಿದೆ. ಅವರ ಹೆಸರಿದೆ, ಅವರ ತಂದೆಯ ಹೆಸರಿದೆ, ಊರಿನ ಹೆಸರಿದೆ. ಅವರು ಸತ್ತ ಮನೆ ಅದರಲ್ಲಿಲ್ಲ.