ನರಿ ಮುಖದ ಅಂಗಡಿ

ಕಂಪಲಾಪುರದ ಬಸ್ ಸ್ಟಾಪಿನ ಎದುರಿಗಿರುವ ಸೈಬರ್ ಅಂಗಡಿಯ ಬೋರ್ಡಿನ ಮೇಲೆ ಬೇರೆ ಹೆಸರಿದೆ. ಆದರೆ ಅದನ್ನು ಓದಿದವರಿಲ್ಲ. ಹಾರನಹಳ್ಳಿಯಿಂದ ಬರುವವರೂ ಕಂಡಕ್ಟರಿಗೆ ಹೇಳುವುದು 'ನರಿ ಅಂಗಡಿ ತಾವ ನಿಲ್ಸಪ್ಪ' ಎಂದೇ. ಒಳಗೆ ಕೂರುವವಳು ಸರ್ವಮಂಗಳ. ಮಿರ್ಲೆಯಲ್ಲಿ ಹುಟ್ಟಿ ಇಲ್ಲಿಗೆ ಸೊಸೆಯಾಗಿ ಬಂದವಳು.

ಈ ನರಿ ಕಂಪ್ಯೂಟರಿನೊಳಗಿನ ನರಿ. ಇಂಟರ್ನೆಟ್ಟಿನೊಳಕ್ಕೆ ಹೋಗಲು ಒಂದು ಬಾಗಿಲು ಬೇಕು, ಅದಕ್ಕೆ ಬ್ರೌಸರ್ ಎನ್ನುತ್ತಾರೆ. ಅಂಥವು ಹಲವಿವೆ. ನಮ್ಮಲ್ಲಿ ಬನ್ನಿ, ನಮ್ಮಲ್ಲಿ ಬನ್ನಿ ಎಂದು ಹುಣಸೂರು ಬಸ್ ಸ್ಟ್ಯಾಂಡಿನ ಆಟೋದವರ ಹಾಗೆ ಗಿರಾಕಿಗಳನ್ನು ಜಗ್ಗಾಡುತ್ತವೆ. ಒಂದಕ್ಕೆ ನೀಲಿ ಅಕ್ಷರದ ಗುರುತು, ಒಂದಕ್ಕೆ ಬಣ್ಣದ ಚಕ್ರ, ಇನ್ನೊಂದಕ್ಕೆ ಗೋಳವನ್ನು ಸುತ್ತಿಕೊಂಡು ಮಲಗಿದ ಕೆಂಪು ನರಿ. ತಿಳಿದವರು ಯಾವುದು ವೇಗ, ಯಾವುದು ಭದ್ರ ಎಂದು ಅಳೆದು ಸುರಿದು ಆರಿಸಿಕೊಳ್ಳುತ್ತಾರಂತೆ. ಆರಿಸಿಕೊಳ್ಳಲಿ, ಪುಣ್ಯವಂತರು. ನಮ್ಮ ಕಡೆ ನರಿ ಗೆದ್ದದ್ದೇ ಬೇರೆ ಕಾರಣಕ್ಕೆ.

ಆಗ ಅಂಗಡಿ ನಡೆಸುತ್ತಿದ್ದವನು ಸರ್ವಮಂಗಳಳ ಗಂಡ ಮಹೇಂದ್ರ. ಹಾರನಹಳ್ಳಿಯ ಅಂಕಯ್ಯ ಮಗನ ಲೈನ್‌ಮನ್ ಕೆಲಸಕ್ಕೆ ಅರ್ಜಿ ಹಾಕಿಸಲು ಬಂದಿದ್ದ. ನೆಟ್ಟು ಕೈಕೊಟ್ಟು ಅರ್ಜಿ ಅರ್ಧಕ್ಕೇ ನಿಂತಿತು. ಇನ್ನೊಂದು ಬಾಗಿಲಲ್ಲಿ ನೋಡೋಣ ಎಂದು ಮಹೇಂದ್ರ ನರಿಯನ್ನು ಒತ್ತಿದ. ಅರ್ಜಿ ಹೋಯಿತು, ಕೆಲಸವೂ ಸಿಕ್ಕಿತು. ಬಾಳೆಗೊನೆ ಹೊತ್ತು ತಂದ ಅಂಕಯ್ಯ ಪರದೆ ನೋಡಿ, "ಅದ್ಯಾವ್ ಪ್ರಾಣಿ ಮಹೇಂದ್ರಪ್ಪ?" ಎಂದ. ನರಿ ಎಂದು ಗೊತ್ತಾದದ್ದೇ ತಡ, "ಅಂಗೇಳು ಮತ್ತೆ! ನರಿ ಮುಖ ನೋಡಿದ್ಮೇಲೆ ಕೆಲ್ಸ ಆಗ್ದೆ ಇದ್ದದ?" ಎಂದು ತೊಡೆ ತಟ್ಟಿಕೊಂಡ.

ಎದ್ದು ನರಿ ಮುಖ ನೋಡಿದವನಿಗೆ ಹಿಡಿದದ್ದೆಲ್ಲ ಕೈಗೂಡುತ್ತದೆ ಎಂದು ನಂಬಿದ ಸೀಮೆ ಇದು. ಕಬ್ಬಿನಗದ್ದೆಯಲ್ಲೇ ನರಿ ಕಾಣದ ಈ ಕಾಲದಲ್ಲಿ ಅಂಗಡಿಯಲ್ಲಿ ಪುಕ್ಕಟೆ ದರ್ಶನ ಸಿಕ್ಕರೆ ಬಿಡುವವರು ಯಾರು? ಆ ಚಿತ್ರದಲ್ಲಿ ಮುಖಕ್ಕಿಂತ ಬಾಲವೇ ಹೆಚ್ಚು ಕಾಣುತ್ತದೆ ಎಂಬುದನ್ನು ಯಾರೂ ಮನಸ್ಸಿಗೆ ಹಾಕಿಕೊಳ್ಳಲಿಲ್ಲ. ಮಹೇಂದ್ರನೂ ಕಿಲಾಡಿ. ದಿನಾ ಬೆಳಿಗ್ಗೆ ಮೊದಲು ನರಿಯನ್ನು ತೆರೆದು, ಪರದೆಯನ್ನು ಬಾಗಿಲ ಕಡೆ ತಿರುಗಿಸಿ, ಆಮೇಲೆ ಊದುಬತ್ತಿ ಹಚ್ಚುತ್ತಿದ್ದ.

ಒಂದು ಬೆಳಿಗ್ಗೆ ಅವನು ಅಂಗಡಿಯ ಕುರ್ಚಿಯಲ್ಲೇ ಸತ್ತುಹೋದ. ಎದೆ ನೋವೆಂದು ಒಂದು ದಿನವೂ ಹೇಳಿರಲಿಲ್ಲ.

ಹಾಲುತುಪ್ಪದ ದಿನ ಜಗುಲಿಯಲ್ಲಿ ಕೂತಿದ್ದ ಅಂಕಯ್ಯ ಒಂದು ತೀರ್ಪು ಕೊಟ್ಟ: "ಅವತ್ತು ಒತ್ತಾರೆಯಿಂದ್ಲೂ ಕರೆಂಟಿರ್ನಿಲ್ಲ. ಪಾಪ, ನರಿ ಮುಖ ನೋಡಕ್ಕಾಗ್ನಿಲ್ಲ ಅವ್ನಿಗೆ." ಎಲ್ಲರೂ ಹೌದೆಂದರು. ಒಳಗೆ ಗೋಡೆಗೊರಗಿ ಕೂತಿದ್ದ ಸರ್ವಮಂಗಳ ಅದನ್ನು ಕೇಳಿಸಿಕೊಂಡಳು. ಕರೆಂಟಿಲ್ಲದಿದ್ದರೂ ಅಂಗಡಿಯಲ್ಲಿ ಬ್ಯಾಟರಿ ಇತ್ತು. ಅವಳು ಕಾಫಿ ಹಿಡಿದುಕೊಂಡು ಹೋದಾಗ ಪರದೆಯ ಮೇಲೆ ನರಿ ಇತ್ತು. ಅದರ ಮುಂದೆ ಗಂಡ ತಲೆ ವಾಲಿಸಿ ಕೂತಿದ್ದ. ಅವಳು ಅದನ್ನು ಯಾರಿಗೂ ಹೇಳಲಿಲ್ಲ, ಅಳಲೂ ಇಲ್ಲ.

ಆಮೇಲೆ ಹೊಟ್ಟೆಪಾಡಿಗೆ ಅವಳೇ ಅಂಗಡಿಯಲ್ಲಿ ಕೂತಳು. ಒಳಗೆಲ್ಲ ಮರಗಟ್ಟಿಹೋಗಿತ್ತು. ಹಬ್ಬ ಬಂತೋ ಹೋಯಿತೋ, ತಾನೇ ಮಾಡಿದ ಸಾರು ಹೇಗಿತ್ತೋ, ಒಂದೂ ತಿಳಿಯುತ್ತಿರಲಿಲ್ಲ. ಮಗನನ್ನು ಕಳೆದುಕೊಂಡ ಅತ್ತೆ ಮಾಯಮ್ಮ ತಟ್ಟೆಗೆ ಹಾಕಿದ್ದನ್ನು ಉಂಡು ಎದ್ದುಹೋಗುತ್ತಿದ್ದಳು.

ಅಷ್ಟರಲ್ಲಿ ರಸ್ತೆಯಾಚೆ ದೇವರಾಜು ಎಂಬವನು ಹೊಸ ಸೈಬರ್ ಇಟ್ಟ. ಅವನದು ಬಣ್ಣದ ಚಕ್ರ. ಹಲವು ಇಲಾಖೆಗಳ ಅರ್ಜಿಗಳೂ ಚಕ್ರದಲ್ಲಿ ಮಾತ್ರ ತೆರೆಯುವ ಹಾಗಾದವು. ಸರ್ವಮಂಗಳ ಒಂದು ದಾರಿ ಮಾಡಿಕೊಂಡಳು. ಗಿರಾಕಿ ಬಂದ ಕೂಡಲೇ ನರಿಯನ್ನು ತೆರೆದು ತೋರಿಸುವುದು, ಅವರು ಕೈಮುಗಿದ ಮೇಲೆ ಕೆಳಗಿಳಿಸಿ ಚಕ್ರದಲ್ಲಿ ಕೆಲಸ ಮುಗಿಸುವುದು. ದರ್ಶನ ಒಂದು ಕಡೆ, ಪ್ರಸಾದ ಇನ್ನೊಂದು ಕಡೆ. ನರಿಯ ಹೆಸರೊಂದೇ ಅಂಗಡಿಯನ್ನು ಉಳಿಸಿತ್ತು. ಅದೂ ಹೋದರೆ ಬೀಗ ಹಾಕಬೇಕು ಎಂಬುದು ಅವಳಿಗೆ ಗೊತ್ತಿತ್ತು.

ಹೀಗಿರುವಾಗ ಚಿಕ್ಕಬೀರಮ್ಮ ಬಂದಳು. ಹೊಗೆಸೊಪ್ಪನ್ನು ಕಡ್ಡಿಗೆ ಕಟ್ಟುವ ಕೂಲಿಯ ಮುದುಕಿ, ಬೆರಳೆಲ್ಲ ಕಪ್ಪು ಅಂಟು. ಮೊಮ್ಮಗಳು ಗೌತಮಿಗೆ ವಸತಿ ಶಾಲೆಯಲ್ಲಿ ಸೀಟು ಸಿಕ್ಕಿದೆಯೇ ನೋಡಬೇಕಿತ್ತು. ಸರ್ವಮಂಗಳ ನರಿಯನ್ನು ತೋರಿಸಿ, ಎಂದಿನಂತೆ ಕೆಳಗಿಳಿಸಿದಳು. ಮುದುಕಿಗೆ ಅಕ್ಷರ ಬಾರದಿದ್ದರೂ ಕಣ್ಣು ಚುರುಕು.

"ನರಿ ಎಲ್ಲೋಯ್ತವ್ವಾ?"

"ಇದರಲ್ಲಿ ಬೇಗ ಬತ್ತದೆ ಅಜ್ಜಿ."

"ಬ್ಯಾಡ ಕಣವ್ವ. ನಿಧಾನ ಆದ್ರೂ ಆಯ್ತು, ನರೀಲೇ ತಗಿ. ತಾಯಿಲ್ದ ಕೂಸು ಅದು."

ಸರ್ವಮಂಗಳ ನರಿಯಲ್ಲಿ ಪ್ರಯತ್ನಿಸಿದಳು. ಪರದೆ ಬೆಳ್ಳಗೆ ನಿಂತಿತು. ಮುದುಕಿ ಅದನ್ನೇ ನೋಡುತ್ತಾ ನಿಂತು, ಏನೋ ನೆನಪಾದವಳಂತೆ ಮೆಲ್ಲಗೆ ಕೇಳಿದಳು:

"ಅವತ್ತು ನಿಮ್ಮೆಜಮಾನ್ರು ನರಿ ಮುಖ ನೋಡ್ನೇ ಇಲ್ವೇನವ್ವ?"

ಇಲ್ಲ ಎಂದರೆ ಮುಗಿಯುತ್ತಿತ್ತು. ಊರೇ ಅವಳಿಗಾಗಿ ಆ ಉತ್ತರವನ್ನು ಸಿದ್ಧ ಮಾಡಿಟ್ಟಿತ್ತು. ಆದರೆ ಸತ್ತವನ ಮೇಲೆ ಇನ್ನೊಂದು ಸುಳ್ಳು ಹೊರಿಸಲು ಅವಳಿಗೆ ನಾಲಿಗೆ ಏಳಲಿಲ್ಲ.

"ನೋಡಿದ್ರು ಅಜ್ಜಿ," ಎಂದಳು. "ನಾನು ಕಾಫಿ ತಂದಾಗ ನರಿ ಎದುರಿಗೇ ಇತ್ತು. ಕಾಫಿ ಇನ್ನೂ ಬಿಸಿ ಇತ್ತು."

ಚಿಕ್ಕಬೀರಮ್ಮ ಮೇಜು ಬಳಸಿ ಬಂದು, ಸರ್ವಮಂಗಳಳ ಭುಜದ ಮೇಲೆ ಆ ಅಂಟುಗೈ ಇಟ್ಟಳು.

"ಅಂಗಾದ್ರೆ ಬುಡವ್ವ. ಯಾವುದ್ರಲ್ಲಿ ತಕ್ಕೊತದೋ ಅದ್ರಲ್ಲೇ ತಗಿ."

ಚಕ್ರದಲ್ಲಿ ತೆರೆಯಿತು. ಗೌತಮಿಗೆ ಸೀಟು ಸಿಕ್ಕಿತ್ತು. ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡು ಹೋದಳು. ಹೋದವಳು ಸುಮ್ಮನಿರುತ್ತಾಳೆಯೇ? ಬಸ್ ಬರುವುದರೊಳಗೆ ಸ್ಟಾಪಿಗೆಲ್ಲ ಸುದ್ದಿ ತಿಳಿಯಿತು. ಮಧ್ಯಾಹ್ನಕ್ಕೆ ಮುಂಚೆಯೇ ಅಂಕಯ್ಯ ಈ ಕಡೆ ತಿರುಗಿಯೂ ನೋಡದೆ ರಸ್ತೆ ದಾಟಿ ದೇವರಾಜುವಿನ ಅಂಗಡಿಗೆ ಹೋದದ್ದನ್ನು ಸರ್ವಮಂಗಳ ಕಂಡಳು. ಕಂಡು, ಅಂಗಡಿಯ ಬಾಗಿಲು ಮುಂದೆ ಮಾಡಿ ಊಟಕ್ಕೆ ಮನೆಗೆ ನಡೆದಳು.

ಅತ್ತೆ ಆಗಲೇ ಅರ್ಧ ಮುದ್ದೆ ಮುಗಿಸಿದ್ದಳು. ಸರ್ವಮಂಗಳ ಒಂದು ತುತ್ತು ಮುರಿದು ಬೆಳಿಗ್ಗೆ ತಾನೇ ಮಾಡಿಟ್ಟಿದ್ದ ಸಾರಲ್ಲಿ ಅದ್ದಿ ಬಾಯಿಗಿಟ್ಟವಳು ಹಾಗೇ ತಡೆದಳು. ನುಂಗಲಾಗದಷ್ಟು ಉಪ್ಪು.

"ಅತ್ತೆ, ಏನಿದು ಇಷ್ಟೊಂದು ಉಪ್ಪಾಗದೆ? ಒಂದ್ ಮಾತು ಹೇಳಬಾರದಿತ್ತಾ?"

ಮಾಯಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಅವ್ನು ವೋದಾಗಿಂದ್ಲೂ ಸಾರು ಇಂಗೇ ಕಣವ್ವ," ಎಂದಳು.