ಲ್ಯಾಪ್‌ಟಾಪ್ ಇಲ್ಲಿ, ರೊಟ್ಟಿ ಅಕ್ಕಲಕೋಟದಲ್ಲಿ

ಗೆಳೆಯರೇ, ಇಂದು ಹೆಂಡತಿಯ ತಮ್ಮ ಅಕ್ಕಲಕೋಟದಿಂದ ಸೊಲ್ಲಾಪುರದ ನಮ್ಮ ಮನೆಗೆ ಬಂದು, ಟವೆಲ್ಲಿನಲ್ಲಿ ಸುತ್ತಿ ತಂದಿದ್ದ ತೆಳ್ಳನೆಯ ಹೊಸ ಲ್ಯಾಪ್‌ಟಾಪ್ ತೋರಿಸಿದ. ಅಂಥದ್ದನ್ನು ಕೊಳ್ಳಬೇಕೋ ಬೇಡವೋ ಎಂದು ನಾನು ಇನ್ನೂ ಯೋಚಿಸುತ್ತಲೇ ಇದ್ದೇನೆ, ಅವನು ಕೊಂಡೇಬಿಟ್ಟ. ಹೊಟ್ಟೆ ಉರಿಯಿತು.

“ನಮ್ಮ ಕಡಕ ರೊಟ್ಟಿ ಇದ್ದಂಗ ಅದ ನೋಡ್ರಿ! ನಿಮ್ಮ ಹಳೇದು ಇಟ್ಟಂಗಿ,” ಎಂದಳು ಹೆಂಡತಿ.

ಹೊರಡುವ ಗಡಿಬಿಡಿಯಲ್ಲಿ ಅವನು, ಅಕ್ಕ ಅಂಥದ್ದೇ ಟವೆಲ್ಲಿನಲ್ಲಿ ಕಟ್ಟಿಟ್ಟಿದ್ದ ಕಡಕ ರೊಟ್ಟಿಯನ್ನೇ ಲ್ಯಾಪ್‌ಟಾಪ್ ಎಂದುಕೊಂಡು ಒಯ್ದ. ಊರು ಮುಟ್ಟಿ ಭಾವನಾದ ನನಗೆ ಫೋನ್ ಮಾಡಿದ.

“ದಾಜಿ, ಚೀಲದಾಗ ಬರೇ ರೊಟ್ಟಿ ಅವ ರೀ! ಲ್ಯಾಪ್‌ಟಾಪ್ ಅಲ್ಲೇ ಉಳದದ. ನಾಳೆ ಬರ್ಲೇನ್ರಿ?”

“ಅವಸರ ಏನದೋ? ರೊಟ್ಟಿ ಎಲ್ಲಾ ತಿಂದು ಮುಗಿಸಿ ಬಾ,” ಎಂದೆ.

ಕೊಳ್ಳುವ ನಿರ್ಧಾರವನ್ನೂ ಅಲ್ಲಿಯವರೆಗೆ ಮುಂದೂಡಿದ್ದೇನೆ. ಕಡಕ ರೊಟ್ಟಿ ತಿಂಗಳಾದರೂ ಕೆಡುವುದಿಲ್ಲ.